ಮಹಾವೀರನ ಹಾರದೊಳಗಿನ ಒಡೆಯದ ಮಣಿ

ಒಂಬತ್ತು ಒಂದುಗಳನ್ನು ಸಾಲಾಗಿ ಬರೆದರೆ 111111111 ಎಂಬ ಸಂಖ್ಯೆ ಸಿಗುತ್ತದೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಒಂದೇ ಗಾತ್ರದ ಮಣಿಗಳನ್ನು ಪೋಣಿಸಿದ ಸರದಂತೆ ಕಾಣುವ ಈ ಸಂಖ್ಯೆಯನ್ನು ಒಂಬತ್ತನೆಯ ಶತಮಾನದ ಗಣಿತಜ್ಞ ಮಹಾವೀರಾಚಾರ್ಯ ಒಂದು ಗುಣಾಕಾರದ ಲೆಕ್ಕವಾಗಿ ಕೊಟ್ಟಿದ್ದಾನೆ. 12345679ನ್ನು 9ರಿಂದ ಗುಣಿಸಿ ನೋಡಿ ಎನ್ನುತ್ತಾನೆ. ಗುಣಿಸಿದರೆ ಒಂದುಗಳ ಸರ ಕಣ್ಣೆದುರು ಬಿಚ್ಚಿಕೊಳ್ಳುತ್ತದೆ. ಈ ಸರದೊಳಗೆ ಆರು ಅಂಕಿಯ ಒಂದು ವಿಶೇಷ ಸಂಖ್ಯೆ ಅಡಗಿದೆ. ಅದು 333667. ಯಾವ ಸಣ್ಣ ಸಂಖ್ಯೆಯಿಂದಲೂ ಒಡೆಯಲಾಗದ ಈ ಅವಿಭಾಜ್ಯ ಸಂಖ್ಯೆಯ ಗುಣಗಳೇನು, ಕನ್ನಡ ನಾಡಿನ ಗಣಿತದ ಇತಿಹಾಸದಲ್ಲಿ ಅದರ ಸ್ಥಾನವೇನು ಎಂಬುದು ಈ ಲೇಖನದ ವಿಷಯ.

ಮಹಾವೀರಾಚಾರ್ಯನ ಗ್ರಂಥದ ಹೆಸರು 'ಗಣಿತಸಾರಸಂಗ್ರಹ'. ಭಾಷೆ ಸಂಸ್ಕೃತ. ಗ್ರಂಥದ ಆರಂಭದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಸ್ತುತಿ ಇರುವುದರಿಂದ ಅದರ ಕಾಲ ಕ್ರಿ.ಶ. 850ರ ಆಸುಪಾಸು ಎಂದು ವಿದ್ವಾಂಸರು ನಿರ್ಧರಿಸಿದ್ದಾರೆ. ಕ್ರಿ.ಶ. 814ರಿಂದ 878ರವರೆಗೆ ಮಾನ್ಯಖೇಟದಿಂದ ಆಳಿದ ಇದೇ ಅಮೋಘವರ್ಷನ ಆಸ್ಥಾನದಲ್ಲಿ 'ಕವಿರಾಜಮಾರ್ಗ' ರಚಿತವಾಯಿತು. ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡವೇ ಅಂದಿನ ಮಾನ್ಯಖೇಟ. ಕನ್ನಡಕ್ಕೆ ಸಿಕ್ಕಿರುವ ಮೊದಲ ಲಾಕ್ಷಣಿಕ ಗ್ರಂಥವೂ ಭಾರತದಲ್ಲಿ ಗಣಿತಕ್ಕೆಂದೇ ಮೀಸಲಾಗಿ ಬರೆದ ದೊಡ್ಡ ಪಠ್ಯಗಳಲ್ಲಿ ಒಂದಾದ 'ಗಣಿತಸಾರಸಂಗ್ರಹ'ವೂ ಒಬ್ಬನೇ ದೊರೆಯ ಕಾಲದವು ಎಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಮಹಾವೀರನಿಗಿಂತ ಹಿಂದಿನ ಆರ್ಯಭಟ, ಬ್ರಹ್ಮಗುಪ್ತರು ಗಣಿತವನ್ನು ಖಗೋಳಶಾಸ್ತ್ರದ ಗ್ರಂಥಗಳ ಒಂದು ಭಾಗವಾಗಿ ಬರೆದರು. ಮಹಾವೀರ ಖಗೋಳವನ್ನು ಪಕ್ಕಕ್ಕಿಟ್ಟು ಲೆಕ್ಕವನ್ನೇ ಕೈಗೆತ್ತಿಕೊಂಡ. ವ್ಯಾಪಾರ, ಅಡುಗೆ, ಸಂಗೀತ, ವಾಸ್ತು, ಛಂದಸ್ಸು, ಹೀಗೆ ಲೋಕದ ಯಾವ ವ್ಯವಹಾರವೂ ಗಣಿತವಿಲ್ಲದೆ ನಡೆಯದು ಎಂಬುದು ಅವನ ಪೀಠಿಕೆಯ ಮಾತು.

ಕೊರಳ ಹಾರದ ಲೆಕ್ಕಗಳು

ಗುಣಾಕಾರವನ್ನು ಕಲಿಸುವ ಭಾಗದಲ್ಲಿ ಮಹಾವೀರ ಮೊದಲು ಸಾಧಾರಣ ಲೆಕ್ಕಗಳನ್ನು ಕೊಡುತ್ತಾನೆ. ಒಂದು ಜಿನಾಲಯದ ಪೂಜೆಗೆ ಇಷ್ಟು ಹೂವು ಅಥವಾ ಇಷ್ಟು ಮಣಿ ಬೇಕಾದರೆ ಇಷ್ಟು ಜಿನಾಲಯಗಳಿಗೆ ಎಷ್ಟು ಎಂಬ ಬಗೆಯವು. ಆಮೇಲೆ ಲೆಕ್ಕಗಳ ರೂಪ ಬದಲಾಗುತ್ತದೆ. 139ನ್ನು 109ರಿಂದ ಗುಣಿಸಿದರೆ 15151. 152207ನ್ನು 73ರಿಂದ ಗುಣಿಸಿದರೆ 11111111. 142857143ನ್ನು 7ರಿಂದ ಗುಣಿಸಿದರೆ 1000000001. 27994681ನ್ನು 441ರಿಂದ ಗುಣಿಸಿದರೆ 12345654321. 333333666667ನ್ನು 33ರಿಂದ ಗುಣಿಸಿದರೆ 11000011000011. ಎಲ್ಲವೂ ಹಿಂದುಮುಂದಾಗಿ ಓದಿದರೂ ಬದಲಾಗದ ಸಂಖ್ಯೆಗಳು. ಕೊರಳಿಗೆ ಹಾಕುವ ಹಾರದ ಎರಡು ಪಕ್ಕಗಳು ಹೇಗೆ ಸಮವಾಗಿರುತ್ತವೆಯೋ ಹಾಗೆ. ಮಹಾವೀರನೂ ಇವುಗಳಲ್ಲಿ ಕೆಲವಕ್ಕೆ ಕಂಠದ ಆಭರಣ ಎಂಬ ಅರ್ಥ ಬರುವ ಹೆಸರುಗಳನ್ನೇ ಇಟ್ಟಿದ್ದಾನೆ.

ಶಿಷ್ಯನ ಬೇಸರ ಕಳೆಯಲು ಮೇಷ್ಟರು ಹೂಡಿದ ಆಟ ಇದು ಎಂದು ತೋರಬಹುದು. ಆಟ ಹೌದು. ಆದರೆ ಇಂಥ ಲೆಕ್ಕವನ್ನು ಬಿಡಿಸುವುದು ಸುಲಭ, ಕಟ್ಟುವುದು ಕಷ್ಟ. ಎರಡು ಸಂಖ್ಯೆಗಳನ್ನು ಗುಣಿಸಲು ಪಾಟಿ, ಬಳಪ ಮತ್ತು ಮಗ್ಗಿ ಸಾಕು. ಹಾರದಂತೆ ಕಾಣುವ ಸಂಖ್ಯೆಯೊಂದನ್ನು ಮೊದಲು ಕಲ್ಪಿಸಿಕೊಂಡು, ಅದು ಯಾವ ಯಾವ ಸಂಖ್ಯೆಗಳ ಗುಣಲಬ್ಧವಾಗಿ ಒಡೆಯುತ್ತದೆ ಎಂದು ಕಂಡುಹಿಡಿಯಲು ಬೇರೆಯೇ ಬಗೆಯ ನೋಟ ಬೇಕು. ಎಂಟು ಒಂದುಗಳ ಸರವನ್ನೇ ತೆಗೆದುಕೊಳ್ಳಿ. ಅದನ್ನು ನಾಲ್ಕು ನಾಲ್ಕಾಗಿ ಕತ್ತರಿಸಿದರೆ 1111 ಎರಡು ಬಾರಿ ಬರುತ್ತದೆ. ಅಂದರೆ ಅದು 1111 ಮತ್ತು 10001ರ ಗುಣಲಬ್ಧ. 10001 ಎಂಬುದು 73 ಮತ್ತು 137ರ ಗುಣಲಬ್ಧ. 73ನ್ನು ಒಂದು ಕಡೆ ಇಟ್ಟು, ಉಳಿದ 137ನ್ನು 1111ರ ಜೊತೆ ಗುಣಿಸಿದರೆ ಮಹಾವೀರನ 152207 ದೊರೆಯುತ್ತದೆ. ಹಾರ ಕಟ್ಟುವ ಮುನ್ನ ಮಣಿಗಳನ್ನು ಬಿಡಿಸಿ ನೋಡಬೇಕು ಎಂಬುದು ಇದರ ಮರ್ಮ.

ಒಡೆಯುವ ಸಂಖ್ಯೆ, ಒಡೆಯದ ಸಂಖ್ಯೆ

ಇಲ್ಲಿ ಅವಿಭಾಜ್ಯ ಸಂಖ್ಯೆ ಎಂದರೇನು ಎಂಬುದನ್ನು ನೆನಪು ಮಾಡಿಕೊಳ್ಳುವುದು ಒಳ್ಳೆಯದು. ನಂಜನಗೂಡು ತಾಲ್ಲೂಕಿನ ಕವಲಂದೆ ಕಡೆಯ ರೈತರೊಬ್ಬರು 91 ತೆಂಗಿನ ಸಸಿ ತಂದಿದ್ದಾರೆ ಎಂದುಕೊಳ್ಳೋಣ. ಸಾಲಿಗೆ 13ರಂತೆ 7 ಸಾಲುಗಳಲ್ಲಿ ಅವನ್ನು ಅಚ್ಚುಕಟ್ಟಾಗಿ ನೆಡಬಹುದು. ಸಸಿಗಳು 97 ಇದ್ದರೆ ಆಗುವುದಿಲ್ಲ. ಎಷ್ಟು ಸಾಲು ಮಾಡಿದರೂ ಕೆಲವು ಉಳಿಯುತ್ತವೆ, ಇಲ್ಲವೇ ಕಡಿಮೆ ಬೀಳುತ್ತವೆ. ಎಲ್ಲವನ್ನೂ ಒಂದೇ ಉದ್ದ ಸಾಲಿನಲ್ಲಿ ನೆಡಬೇಕು. ಹೀಗೆ ಒಂದು ಮತ್ತು ತಾನು, ಇವೆರಡನ್ನು ಬಿಟ್ಟು ಬೇರಾವುದರಿಂದಲೂ ಶೇಷವಿಲ್ಲದೆ ಭಾಗವಾಗದ ಸಂಖ್ಯೆಯೇ ಅವಿಭಾಜ್ಯ ಸಂಖ್ಯೆ. 2, 3, 5, 7, 11, 13 ಎಂದು ಅದರ ಪಟ್ಟಿ ಆರಂಭವಾಗುತ್ತದೆ. ಈ ಪಟ್ಟಿಗೆ ಕೊನೆಯಿಲ್ಲ ಎಂದು ಗ್ರೀಕ್ ಗಣಿತಜ್ಞ ಯೂಕ್ಲಿಡ್ ಕ್ರಿಸ್ತಪೂರ್ವ ಮೂರನೆಯ ಶತಮಾನದ ಹೊತ್ತಿಗೇ ಸಾಧಿಸಿ ತೋರಿಸಿದ್ದ. ಮಿಕ್ಕ ಎಲ್ಲ ಸಂಖ್ಯೆಗಳೂ ಇವುಗಳನ್ನು ಗುಣಿಸಿ ಪಡೆದಂಥವು. ಒಂದು ಸಂಖ್ಯೆಯನ್ನು ಯಾವ ದಾರಿಯಲ್ಲಿ ಒಡೆಯುತ್ತ ಹೋದರೂ ಕೊನೆಗೆ ಸಿಗುವ ಅವಿಭಾಜ್ಯಗಳು ಅವೇ.

ಮಹಾವೀರನ ಒಂಬತ್ತು ಒಂದುಗಳ ಸರವನ್ನು ಹೀಗೆ ಪೂರ್ತಿ ಬಿಡಿಸಿದರೆ ಎರಡು 3, ಒಂದು 37 ಮತ್ತು ಒಂದು 333667 ಸಿಗುತ್ತವೆ. ಅವನು ಕೊಟ್ಟ 12345679 ಎಂಬುದು 37 ಮತ್ತು 333667ರ ಗುಣಲಬ್ಧ. ಇದೇ 333667 ಇನ್ನೊಂದು ಹಾರದಲ್ಲೂ ಇಣುಕುತ್ತದೆ. 33ರಿಂದ ಗುಣಿಸಬೇಕಾದ 333333666667 ಎಂಬ ಹನ್ನೆರಡು ಅಂಕಿಯ ಸಂಖ್ಯೆ 333667 ಮತ್ತು 999001ರ ಗುಣಲಬ್ಧ. ಆ 999001 ಮತ್ತೆ 1000000001 ಎಂಬ ಹಾರದೊಳಗೆ ಇದೆ. 7ರಿಂದ ಗುಣಿಸಬೇಕಾದ 142857143ನ್ನು ಒಡೆದರೆ 143 ಮತ್ತು 999001 ಬರುತ್ತವೆ. ಬೇರೆ ಬೇರೆ ಲೆಕ್ಕಗಳಂತೆ ಕಂಡ ಹಾರಗಳು ಒಳಗೊಳಗೇ ಒಂದೇ ಮಣಿಗಳನ್ನು ಹಂಚಿಕೊಂಡಿವೆ.

333667ರ ಗುಣಗಳು

ಈ ಸಂಖ್ಯೆಯ ಗುಣಗಳನ್ನು ಯಾರೂ ಕಾಗದದ ಮೇಲೆ ಪರೀಕ್ಷಿಸಬಹುದು. ಅದನ್ನು 3ರಿಂದ ಗುಣಿಸಿದರೆ 1001001. ಆದ್ದರಿಂದ ಮೂರು ಅಂಕಿಯ ಯಾವುದೇ ಸಂಖ್ಯೆಯನ್ನು ಮೊದಲು 3ರಿಂದ, ಬಳಿಕ 333667ರಿಂದ ಗುಣಿಸಿದರೆ ಅದೇ ಸಂಖ್ಯೆ ಮೂರು ಬಾರಿ ಬರುತ್ತದೆ. ನಂಜನಗೂಡು, ಕವಲಂದೆ ಕಡೆಯ ಪಿನ್‌ಕೋಡ್‌ನ ಮೊದಲ ಮೂರು ಅಂಕಿ 571. ಮೂರರಿಂದ ಗುಣಿಸಿದರೆ 1713. ಅದನ್ನು 333667ರಿಂದ ಗುಣಿಸಿದರೆ 571571571. ಮನೆಯ ಮಕ್ಕಳಿಗೆ ಮಾಡಿ ತೋರಿಸಿದರೆ ಕೆಲಹೊತ್ತು ಅಚ್ಚರಿಯಿಂದ ನೋಡುತ್ತಾರೆ, ಆಮೇಲೆ ಕಾರಣ ಕೇಳುತ್ತಾರೆ. ಗಣಿತ ಆರಂಭವಾಗುವುದು ಆ ಎರಡನೆಯ ಘಟ್ಟದಲ್ಲಿ.

ಎರಡನೆಯ ಗುಣ ಇನ್ನೂ ಆಳದ್ದು. ಒಂದನ್ನು ಮೂರರಿಂದ ಭಾಗಿಸಿದರೆ 0.333 ಎಂದು ಒಂದೇ ಅಂಕಿ ಕೊನೆಯಿಲ್ಲದೆ ಮರುಕಳಿಸುತ್ತದೆ. ಹನ್ನೊಂದರಿಂದ ಭಾಗಿಸಿದರೆ 09 ಎಂಬ ಎರಡು ಅಂಕಿ ಮರುಕಳಿಸುತ್ತವೆ. 37ರಿಂದ ಭಾಗಿಸಿದರೆ 027 ಎಂಬ ಮೂರು ಅಂಕಿ. 101ರಿಂದ ಭಾಗಿಸಿದರೆ 0099 ಎಂಬ ನಾಲ್ಕು. 2 ಮತ್ತು 5ನ್ನು ಬಿಟ್ಟರೆ ಪ್ರತಿಯೊಂದು ಅವಿಭಾಜ್ಯಕ್ಕೂ ಇಂಥದೊಂದು ಆವರ್ತದ ಉದ್ದ ಇದೆ. ಐದು ಅಂಕಿಯ ಆವರ್ತ ಎರಡು ಅವಿಭಾಜ್ಯಗಳಿಗೆ ಇದೆ, 41 ಮತ್ತು 271ಕ್ಕೆ. ಆರು ಅಂಕಿಯ ಆವರ್ತ 7 ಮತ್ತು 13ಕ್ಕೆ. ಏಳು ಅಂಕಿಯದು 239 ಮತ್ತು 4649ಕ್ಕೆ. ಎಂಟು ಅಂಕಿಯದು 73 ಮತ್ತು 137ಕ್ಕೆ. ಒಂಬತ್ತು ಅಂಕಿಯ ಆವರ್ತವಿರುವ ಅವಿಭಾಜ್ಯ ಮಾತ್ರ ಒಂದೇ ಒಂದು. ಅದೇ 333667. ಒಂದನ್ನು ಅದರಿಂದ ಭಾಗಿಸಿದರೆ 000002997 ಎಂಬ ಒಂಬತ್ತು ಅಂಕಿಗಳು ಮತ್ತೆ ಮತ್ತೆ ಬರುತ್ತವೆ.

ಕೊನೆಯೇ ಇಲ್ಲದ ಅವಿಭಾಜ್ಯಗಳ ಪಟ್ಟಿಯಲ್ಲಿ ಬೇರೊಂದು ಇಲ್ಲವೆಂದು ಹೇಳುವುದು ಹೇಗೆ? ಎಲ್ಲವನ್ನೂ ಹುಡುಕಿ ನೋಡಬೇಕಿಲ್ಲ. ಆವರ್ತದ ಉದ್ದ ಒಂಬತ್ತಾದರೆ ಆ ಅವಿಭಾಜ್ಯ 999999999ನ್ನು ಶೇಷವಿಲ್ಲದೆ ಭಾಗಿಸಲೇಬೇಕು. ಈ ಸಂಖ್ಯೆ ಮಹಾವೀರನ ಸರದ ಒಂಬತ್ತರಷ್ಟು. ಅದರೊಳಗಿರುವ ಅವಿಭಾಜ್ಯಗಳು ಮೂರೇ: 3, 37, 333667. ಮೊದಲನೆಯದರ ಆವರ್ತ ಒಂದು, ಎರಡನೆಯದರದು ಮೂರು. ಉಳಿದದ್ದು 333667. ಇಷ್ಟೇ ವಾದ. ಹೀಗೆ ತನ್ನ ಆವರ್ತದ ಉದ್ದವನ್ನು ಬೇರೆ ಯಾರೊಂದಿಗೂ ಹಂಚಿಕೊಳ್ಳದ ಅವಿಭಾಜ್ಯಗಳಿಗೆ ಅಮೆರಿಕದ ಸ್ಯಾಮ್ಯುಯೆಲ್ ಯೇಟ್ಸ್ 1980ರಲ್ಲಿ 'ಅನನ್ಯ' ಎಂಬರ್ಥದ ಹೆಸರು ಕೊಟ್ಟರು. ಇವು ತೀರ ವಿರಳ. 3, 11, 37, 101, 9091, 9901 ಆದಮೇಲೆ ಏಳನೆಯದಾಗಿ ಬರುವುದು 333667.

ಅದು ನಿಜಕ್ಕೂ ಅವಿಭಾಜ್ಯವೇ ಎಂದು ತಿಳಿಯುವುದು ಹೇಗೆ ಎಂಬ ಪ್ರಶ್ನೆ ಉಳಿಯುತ್ತದೆ. ಒಂದು ಸಂಖ್ಯೆ ಒಡೆಯುವುದಾದರೆ ಅದರ ಒಂದು ತುಂಡಾದರೂ ವರ್ಗಮೂಲವನ್ನು ಮೀರುವಂತಿಲ್ಲ. 333667ರ ವರ್ಗಮೂಲ 577ಕ್ಕಿಂತ ತುಸು ಹೆಚ್ಚು. 577ರವರೆಗೆ 106 ಅವಿಭಾಜ್ಯಗಳಿವೆ. ಅಷ್ಟರಿಂದಲೂ ಭಾಗಿಸಿ ನೋಡಬಹುದು. ಆದರೆ ಫ್ರಾನ್ಸಿನ ಪಿಯರ್ ದ ಫರ್ಮಾ 1640ರಲ್ಲಿ ಒಂದು ಪತ್ರದಲ್ಲಿ ತಿಳಿಸಿದ ನಿಯಮ ಈ ದುಡಿಮೆಯನ್ನು ಬಹಳ ಕಡಿಮೆ ಮಾಡುತ್ತದೆ. ಆ ನಿಯಮದ ಪ್ರಕಾರ ಒಂದು ಅವಿಭಾಜ್ಯದ ಆವರ್ತದ ಉದ್ದ, ಆ ಅವಿಭಾಜ್ಯದಿಂದ ಒಂದನ್ನು ಕಳೆದರೆ ಉಳಿಯುವ ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸುತ್ತದೆ. 333667ನ್ನು ಒಡೆಯುವ ಯಾವುದೇ ಅವಿಭಾಜ್ಯ 999999999ನ್ನೂ ಒಡೆಯುವುದರಿಂದ ಅದರ ಆವರ್ತ ಒಂದು, ಮೂರು ಇಲ್ಲವೇ ಒಂಬತ್ತು ಆಗಿರಬೇಕು. ಒಂದರ ಆವರ್ತವಿರುವುದು 3ಕ್ಕೆ ಮಾತ್ರ. 333667ರ ಅಂಕಿಗಳನ್ನು ಕೂಡಿದರೆ 28 ಬರುವುದರಿಂದ 3 ಅದನ್ನು ಭಾಗಿಸುವುದಿಲ್ಲ. ಮೂರರ ಆವರ್ತವಿರುವುದು 37ಕ್ಕೆ ಮಾತ್ರ. 37ರಿಂದ ಭಾಗಿಸಿದರೆ ಒಂದು ಉಳಿಯುತ್ತದೆ. ಇನ್ನು ಆವರ್ತ ಒಂಬತ್ತಾಗಿರುವ ಅವಿಭಾಜ್ಯವನ್ನು 18ರಿಂದ ಭಾಗಿಸಿದರೆ ಒಂದು ಉಳಿಯಲೇಬೇಕು. 577ರವರೆಗೆ ಅಂಥವು 37ನ್ನೂ ಸೇರಿಸಿ 17 ಮಾತ್ರ: 19, 37, 73, 109, 127, 163, 181, 199, 271, 307, 379, 397, 433, 487, 523, 541, 577. 106 ಭಾಗಾಕಾರಗಳ ಜಾಗದಲ್ಲಿ 17 ಸಾಕು. ಒಂದು ಸಂಜೆ ಕುಳಿತು ಮಾಡಿದರೆ ಯಾವುದರಿಂದಲೂ ಭಾಗವಾಗದು ಎಂದು ತಾನೇ ಖಚಿತವಾಗುತ್ತದೆ.

ಮಹಾವೀರ ಹೇಳಿದ್ದು, ಹೇಳದೆ ಬಿಟ್ಟದ್ದು

ಇಲ್ಲೊಂದು ಎಚ್ಚರ ಅಗತ್ಯ. ಮೇಲಿನ ವಿವರಣೆಯಲ್ಲಿ ಮಹಾವೀರನದು ಎಷ್ಟು, ನಂತರದವರದು ಎಷ್ಟು ಎಂಬುದನ್ನು ಬೇರ್ಪಡಿಸಿ ನೋಡಬೇಕು. ಮಹಾವೀರ ಕೊಟ್ಟದ್ದು ಹಾರಗಳನ್ನು, ಅವುಗಳ ಗುಣ್ಯ ಗುಣಕಗಳನ್ನು. 333667 ಅವಿಭಾಜ್ಯವೆಂದು ಅವನು ಹೇಳಿಲ್ಲ. ಆವರ್ತ ದಶಮಾಂಶವೂ ಫರ್ಮಾನ ನಿಯಮವೂ ಅವನ ಕಾಲಕ್ಕೆ ಬಹಳ ಈಚಿನವು. ನಮ್ಮ ಪೂರ್ವಿಕರಿಗೆ ಎಲ್ಲವೂ ತಿಳಿದಿತ್ತು ಎಂದು ಹೇಳುವವರಿಗೆ ಇಂಥ ಹಾರಗಳು ಒಳ್ಳೆಯ ಸರಕಾಗಿ ಕಾಣುತ್ತವೆ. ಅವುಗಳ ಬೆನ್ನಿಗೇ 'ಅವಿಭಾಜ್ಯ ಸಂಖ್ಯೆಗಳ ಸಿದ್ಧಾಂತ ಕರ್ನಾಟಕದಲ್ಲಿ ಹುಟ್ಟಿತು' ಎಂಬ ಘೋಷಣೆ ಹೊರಟರೆ ಆಶ್ಚರ್ಯವಿಲ್ಲ. ಅದು ಮಹಾವೀರನಿಗೆ ಮಾಡುವ ಉಪಕಾರವಲ್ಲ. ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗುವುದಿಲ್ಲ ಎಂದು ಅವನು ಬರೆದದ್ದು ತಪ್ಪು. ಋಣಸಂಖ್ಯೆಗೆ ವರ್ಗಮೂಲವಿಲ್ಲ ಎಂದು ಕಾರಣಸಹಿತ ಹೇಳಿದ್ದು ಅವನ ಕಾಲಕ್ಕೆ ದೊಡ್ಡ ಮಾತು. ಛೇದಗಳು ಬೇರೆ ಬೇರೆ ಇರುವ ಭಿನ್ನರಾಶಿಗಳನ್ನು ಕೂಡಲು ಇಂದಿನ ಲ.ಸಾ.ಅ.ವನ್ನು ಹೋಲುವ 'ನಿರುದ್ಧ'ವನ್ನು ಬಳಸಿದ್ದು ಅವನ ಶಾಶ್ವತ ಕೊಡುಗೆ. ಈ ಮೂರನ್ನೂ ಒಟ್ಟಿಗೆ ಹೇಳಿದಾಗಲೇ ಅವನು ಒಬ್ಬ ಗಣಿತಜ್ಞನಾಗಿ ಕಾಣುತ್ತಾನೆ. ಹೊಗಳಿಕೆಯಲ್ಲಿ ಮುಳುಗಿಸಿದರೆ ಪಟವಾಗಿ ಗೋಡೆಯ ಮೇಲೆ ಉಳಿಯುತ್ತಾನೆ.

ಇಷ್ಟು ಹೇಳಿದ ಮೇಲೂ ಒಂದು ಸಂಗತಿ ಉಳಿಯುತ್ತದೆ. ಹಾರಗಳ ಆಯ್ಕೆ ಕಣ್ಣುಮುಚ್ಚಿ ಮಾಡಿದ್ದಲ್ಲ. ಒಂದು, ಸೊನ್ನೆಗಳ ನಡುವೆ ಸಮನಾದ ಅಂತರವಿಟ್ಟು ಬರೆದ ಸಂಖ್ಯೆಗಳಿಗೆ ತಮ್ಮದೇ ಆದ ಒಡೆಯುವ ರೀತಿ ಇದೆ ಎಂಬುದನ್ನು ಅವನು ಕಂಡಿದ್ದಾನೆ. ಸ್ಥಾನಬೆಲೆಯ ಪದ್ಧತಿಯನ್ನು ಎಣಿಕೆಯ ಸಲಕರಣೆಯಾಗಿ ಬಳಸುವುದರ ಜೊತೆಗೆ ಅದನ್ನೇ ಕುತೂಹಲದಿಂದ ತಿರುಗಿಸಿ ನೋಡಿದವನ ಕೆಲಸ ಇದು. ಸಂಖ್ಯೆಗಳ ಸ್ಥಾನಗಳಿಗೆ 'ಏಕ'ದಿಂದ 'ಮಹಾಕ್ಷೋಭ'ದವರೆಗೆ 24 ಹೆಸರುಗಳನ್ನು ಪಟ್ಟಿ ಮಾಡಿದವನೂ ಅವನೇ.

ಓಲೆಗರಿಯಿಂದ ಅಚ್ಚಿಗೆ

'ಗಣಿತಸಾರಸಂಗ್ರಹ' ನಮಗೆ ಸಿಕ್ಕಿದ್ದು ಅದನ್ನು ಓದಿ, ಪಾಠ ಹೇಳಿ, ನಕಲು ಮಾಡುತ್ತ ಬಂದವರಿಂದ. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ಅದನ್ನು ತೆಲುಗಿಗೆ ತಂದ. ಹನ್ನೆರಡನೆಯ ಶತಮಾನದ ಜೈನಕವಿ ರಾಜಾದಿತ್ಯ 'ವ್ಯವಹಾರಗಣಿತ', 'ಕ್ಷೇತ್ರಗಣಿತ' ಮೊದಲಾದವನ್ನು ಕನ್ನಡದಲ್ಲೇ ಬರೆದು ಲೆಕ್ಕವನ್ನು ಜನರ ಮಾತಿಗೆ ತಂದ. ಜೈನ ಬಸದಿಗಳ ಮತ್ತು ಮಠಗಳ ಭಂಡಾರಗಳಲ್ಲಿ ಮಹಾವೀರನ ಪದ್ಯಗಳು ಕನ್ನಡ ಲಿಪಿಯಲ್ಲಿ, ಕನ್ನಡ ಟೀಕೆಗಳೊಂದಿಗೆ ಉಳಿದುಕೊಂಡವು. ಕವಲಂದೆಯಿಂದ ಹೆಚ್ಚು ದೂರವಿಲ್ಲದ, ಚಾಮರಾಜನಗರ ತಾಲ್ಲೂಕಿಗೆ ಸೇರಿದ ಮಲೆಯೂರಿನ ಕನಕಗಿರಿ ಕೂಡ ಇಂಥ ಜೈನ ವಿದ್ಯಾಪರಂಪರೆಯ ಊರು. 'ರಾಜಾವಳಿ ಕಥೆ'ಯನ್ನು ಬರೆದ ದೇವಚಂದ್ರ ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಅಲ್ಲಿದ್ದವನು. ಪಾಠಶಾಲೆ, ಪುರಾಣ, ಪಂಚಾಂಗ, ಲೆಕ್ಕ ಇವೆಲ್ಲ ಒಂದೇ ಜಗಲಿಯ ಮೇಲೆ ಕುಳಿತಿದ್ದ ಕಾಲ ಅದು.

ಮದರಾಸಿನ ಎಂ. ರಂಗಾಚಾರ್ಯರು ಇಂಥ ಹಸ್ತಪ್ರತಿಗಳನ್ನು ಹೋಲಿಸಿ, ಇಂಗ್ಲಿಷ್ ಅನುವಾದದೊಂದಿಗೆ 1912ರಲ್ಲಿ ಗ್ರಂಥವನ್ನು ಅಚ್ಚು ಹಾಕಿಸಿದರು. ಅವರು ನೋಡಿದ ಪ್ರತಿಗಳಲ್ಲಿ ಕನ್ನಡ ಲಿಪಿಯವು, ಕನ್ನಡ ಟೀಕೆಯುಳ್ಳವು ಇದ್ದವು. ಗಣಿತದ ಇತಿಹಾಸಕಾರ ಡೇವಿಡ್ ಯೂಜೀನ್ ಸ್ಮಿತ್ ಅದಕ್ಕೆ ಮುನ್ನುಡಿಯಂಥ ಲೇಖನ ಬರೆದರು. ಜಗತ್ತು ಮಹಾವೀರನನ್ನು ಅರಿತದ್ದು ಆಮೇಲೆ. ಮೈಸೂರು ವಿಶ್ವವಿದ್ಯಾನಿಲಯದ ಗಣಿತ ಪ್ರಾಧ್ಯಾಪಕಿ ಪದ್ಮಾವತಮ್ಮನವರು ಸಿದ್ಧಪಡಿಸಿದ ಕನ್ನಡ ಅನುವಾದ ಹೊಂಬುಜದಿಂದ 2000ದಲ್ಲಿ ಹೊರಬಂತು. ಕನ್ನಡ ನಾಡಿನ ದೊರೆಯನ್ನು ಸ್ತುತಿಸುವ, ಕನ್ನಡ ಲಿಪಿಯಲ್ಲಿ ಉಳಿದ ಪುಸ್ತಕ ಅಚ್ಚಿನ ಯುಗದಲ್ಲಿ ಇಂಗ್ಲಿಷಿಗೆ ಬಂದು ಎಂಟು ದಶಕಗಳಿಗೂ ಹೆಚ್ಚು ಕಾಲ ಕಳೆದ ಮೇಲೆ ಅದರ ಕನ್ನಡ ಅನುವಾದ ಬಂದದ್ದು ನಾವು ಯೋಚಿಸಬೇಕಾದ ವಿಷಯ.

ಮಿಲ್ಲಿನ ಗುಮಾಸ್ತೆಯ ಪ್ರಶ್ನೆ

ಮಹಾವೀರ ಸಂಖ್ಯೆಗಳನ್ನು ಒಡೆದು ಹಾರ ಕಟ್ಟಿದ. ಒಡೆದಾಗ ಸಿಗುವ ತುಂಡುಗಳಲ್ಲಿ ಅತಿ ದೊಡ್ಡದು ಎಷ್ಟು ದೊಡ್ಡದಾಗಿರಬಹುದು ಎಂಬ ಪ್ರಶ್ನೆಯನ್ನು ಇಪ್ಪತ್ತನೆಯ ಶತಮಾನದಲ್ಲಿ ಕೈಗೆತ್ತಿಕೊಂಡವರಲ್ಲಿ ಇನ್ನೊಬ್ಬ ಕನ್ನಡಿಗರಿದ್ದಾರೆ. ಅವರು ಕನಕನಹಳ್ಳಿ ರಾಮಚಂದ್ರ. 1933ರ ಆಗಸ್ಟ್ 18ರಂದು ಮಂಡ್ಯದಲ್ಲಿ ಜನಿಸಿದ ಅವರು ಹದಿಮೂರನೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡರು. ತಂದೆ ದುಡಿದಿದ್ದ ಮಿನರ್ವ ಮಿಲ್ಲಿನಲ್ಲೇ ಗುಮಾಸ್ತೆಯಾಗಿ ಕೆಲಸ ಮಾಡಬೇಕಾಯಿತು. ಬಿಡುವಿನ ವೇಳೆಯಲ್ಲಿ ರಾಮಾನುಜನ್ ಅವರ ಪ್ರಮೇಯಗಳನ್ನು ತಾವೇ ಕುಳಿತು ಅಭ್ಯಾಸ ಮಾಡಿದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, 1958ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಸೇರಿ, ಕೆ.ಜಿ. ರಾಮನಾಥನ್ ಅವರ ಮಾರ್ಗದರ್ಶನದಲ್ಲಿ 1965ರಲ್ಲಿ ಪಿಎಚ್.ಡಿ. ಪಡೆದರು.

ಅವರ ಪ್ರಶ್ನೆಯನ್ನು ಹೀಗೆ ವಿವರಿಸಬಹುದು. ಹತ್ತು ಲಕ್ಷದ ವರ್ಗಮೂಲ ಒಂದು ಸಾವಿರ. ಹತ್ತು ಲಕ್ಷದಿಂದ ಹತ್ತು ಲಕ್ಷದ ಒಂದು ಸಾವಿರದವರೆಗಿನ ಸಂಖ್ಯೆಗಳಲ್ಲಿ ಅವಿಭಾಜ್ಯಗಳು ಬೇಕಾದಷ್ಟಿವೆ. ಆದರೆ ಸಂಖ್ಯೆ ಎಷ್ಟೇ ದೊಡ್ಡದಾಗಲಿ, ಅದರಿಂದ ಆರಂಭಿಸಿ ಅದರ ವರ್ಗಮೂಲದಷ್ಟು ದೂರ ನಡೆದರೆ ಅವಿಭಾಜ್ಯವೊಂದು ಸಿಕ್ಕೇ ಸಿಗುತ್ತದೆ ಎಂದು ಸಾಧಿಸಲು ಗಣಿತಜ್ಞರಿಗೆ ಆಗಿಲ್ಲ. ಹಾಗಾದರೆ ಬೇಡಿಕೆಯನ್ನು ಸ್ವಲ್ಪ ಇಳಿಸೋಣ. ಆ ಅಂತರದಲ್ಲಿ ಪೂರ್ತಿ ಅವಿಭಾಜ್ಯ ಸಿಗದಿದ್ದರೂ, ದೊಡ್ಡ ಅವಿಭಾಜ್ಯವೊಂದನ್ನು ತನ್ನೊಳಗೆ ಇಟ್ಟುಕೊಂಡ ಸಂಖ್ಯೆಯಾದರೂ ಸಿಗುತ್ತದೆಯೇ? ಎಷ್ಟು ದೊಡ್ಡದು? ರಾಮಚಂದ್ರ 1969ರಲ್ಲಿ ಒಂದು ಮಿತಿಯನ್ನು ಸಾಧಿಸಿ, ಮರುವರ್ಷ ಅದನ್ನು ಇನ್ನೂ ಮೇಲಕ್ಕೆ ಏರಿಸಿದರು. ಅವರ ಎರಡನೆಯ ಫಲಿತಾಂಶದ ಅಂದಾಜು ಹೀಗೆ: ಸಂಖ್ಯೆಗೆ 24 ಅಂಕಿಗಳಿದ್ದರೆ ಆ ಅವಿಭಾಜ್ಯ ತುಂಡಿಗೆ ಅದರ ಎಂಟನೆಯ ಐದು ಪಾಲು, ಅಂದರೆ 15 ಅಂಕಿಗಳಷ್ಟು ಗಾತ್ರ. ಸಾಕಷ್ಟು ದೊಡ್ಡ ಸಂಖ್ಯೆಗಳೆಲ್ಲಕ್ಕೂ ಇದೇ ಪ್ರಮಾಣ ಅನ್ವಯಿಸುತ್ತದೆ. ನಂತರ ಬೇರೆ ದೇಶಗಳ ಗಣಿತಜ್ಞರು ಆ ಪಾಲನ್ನು ಹಂತಹಂತವಾಗಿ ಹೆಚ್ಚಿಸುತ್ತ ಹೋದರು.

ರಾಮಚಂದ್ರ 1978ರಲ್ಲಿ ಆರ್. ಬಾಲಸುಬ್ರಮಣಿಯನ್ ಅವರೊಡನೆ 'ಹಾರ್ಡಿ–ರಾಮಾನುಜನ್ ಜರ್ನಲ್' ಎಂಬ ಪತ್ರಿಕೆ ಆರಂಭಿಸಿದರು. ನಿವೃತ್ತಿಯ ಬಳಿಕ ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ಕೆಲಸ ಮುಂದುವರಿಸಿ, 2011ರ ಜನವರಿ 17ರಂದು ನಿಧನರಾದರು. ಇನ್ನೂರಕ್ಕೂ ಹೆಚ್ಚು ಲೇಖನಗಳನ್ನು ಬರೆದ ಈ ಗಣಿತಜ್ಞರ ಹೆಸರು ಮಂಡ್ಯ, ಮೈಸೂರು ಜಿಲ್ಲೆಗಳ ಎಷ್ಟು ಶಾಲೆಗಳಲ್ಲಿ ಕೇಳಿಬರುತ್ತದೆ ಎಂದು ಓದುಗರೇ ವಿಚಾರಿಸಿ ನೋಡಬಹುದು.

ಒಂದುಗಳ ಸಾಲು ಎಲ್ಲಿಯವರೆಗೆ?

ಮಹಾವೀರನ ಎಂಟು ಮತ್ತು ಒಂಬತ್ತು ಒಂದುಗಳ ಸರಗಳು ಒಡೆಯುತ್ತವೆ. ಒಡೆಯದ ಸರಗಳು ಇವೆಯೇ? ಒಂದುಗಳ ಎಣಿಕೆ ಒಡೆಯುವ ಸಂಖ್ಯೆಯಾದರೆ ಸರವೂ ಖಂಡಿತ ಒಡೆಯುತ್ತದೆ. ಎಂಟನ್ನು ನಾಲ್ಕು ನಾಲ್ಕಾಗಿ ಕತ್ತರಿಸಿದ್ದು ಅದಕ್ಕೆ ನಿದರ್ಶನ. ಎಣಿಕೆ ಅವಿಭಾಜ್ಯವಾದರೂ ಸರ ಅವಿಭಾಜ್ಯವಾಗಬೇಕೆಂದಿಲ್ಲ. ಮೂರು ಒಂದುಗಳು 3 ಮತ್ತು 37ಕ್ಕೆ ಒಡೆಯುತ್ತವೆ; ಐದು ಒಂದುಗಳು 41 ಮತ್ತು 271ಕ್ಕೆ. ಎರಡು ಒಂದುಗಳ 11 ಅವಿಭಾಜ್ಯ. ಆಮೇಲೆ ಒಡೆಯದ ಸರ ಸಿಗುವುದು 19 ಒಂದುಗಳಲ್ಲಿ, ಮತ್ತೆ 23ರಲ್ಲಿ. ಅಲ್ಲಿಂದ ಒಮ್ಮೆಲೇ 317ಕ್ಕೆ, ನಂತರ 1031ಕ್ಕೆ ಜಿಗಿತ. 1031 ಒಂದುಗಳ ಸರ ಅವಿಭಾಜ್ಯವೆಂದು ಹ್ಯೂ ವಿಲಿಯಮ್ಸ್ ಮತ್ತು ಹಾರ್ವಿ ಡಬ್ನರ್ 1986ರಲ್ಲಿ ಸಾಧಿಸಿದರು. 49081 ಒಂದುಗಳ ಸರದ ಮೇಲೆ 1999ರಿಂದ ಬಲವಾದ ಅನುಮಾನವಿತ್ತು. ಸಾಧನೆ ದೊರೆತದ್ದು 2022ರಲ್ಲಿ. 2023ರಲ್ಲಿ 86453 ಒಂದುಗಳ ಸರವೂ ಪಟ್ಟಿ ಸೇರಿತು. ಇಂಥ ಸರಗಳು ಕೊನೆಯಿಲ್ಲದೆ ಸಿಗುತ್ತಲೇ ಇರುತ್ತವೆಯೇ ಎಂಬ ಪ್ರಶ್ನೆಗೆ ಗಣಿತ ಇನ್ನೂ ಉತ್ತರ ಕೊಟ್ಟಿಲ್ಲ. ಇವಕ್ಕಿಂತಲೂ ದೊಡ್ಡ ಅವಿಭಾಜ್ಯಗಳು ಬೇರೆ ಕುಟುಂಬದವು. 2024ರ ಅಕ್ಟೋಬರ್‌ನಲ್ಲಿ ಪ್ರಕಟವಾದ, ಎರಡನ್ನು 136279841 ಸಲ ಗುಣಿಸಿ ಒಂದನ್ನು ಕಳೆದರೆ ಬರುವ ಅವಿಭಾಜ್ಯಕ್ಕೆ 4,10,24,320 ಅಂಕಿಗಳಿವೆ. ಆವರೆಗೆ ತಿಳಿದಿದ್ದ ಅವಿಭಾಜ್ಯಗಳಲ್ಲಿ ಅದೇ ದೊಡ್ಡದು.

ಇದರಿಂದ ಪ್ರಯೋಜನವೇನು ಎಂದು ಕೇಳುವವರಿಗೆ ಸುಲಭದ ಉತ್ತರವಿದೆ. 1977ರಲ್ಲಿ ರಿವೆಸ್ಟ್, ಶಮೀರ್, ಅಡ್ಲ್‌ಮನ್ ಎಂಬ ಮೂವರು, ಎರಡು ದೊಡ್ಡ ಅವಿಭಾಜ್ಯಗಳನ್ನು ಗುಣಿಸುವುದು ಸುಲಭ, ಗುಣಲಬ್ಧವನ್ನು ಒಡೆಯುವುದು ಅತಿ ಕಷ್ಟ ಎಂಬ ಸಂಗತಿಯನ್ನು ಬಳಸಿ ಗುಪ್ತಲಿಪಿಯ ಬೀಗವೊಂದನ್ನು ರೂಪಿಸಿದರು. ಮುನ್ನೂರಕ್ಕೂ ಹೆಚ್ಚು ಅಂಕಿಗಳ ಎರಡು ಅವಿಭಾಜ್ಯಗಳನ್ನು ಗುಣಿಸಿ ಮಾಡಿದ ಇಂಥ ಬೀಗಗಳು ಬ್ಯಾಂಕಿನ ಮತ್ತು ಅಂತರ್ಜಾಲದ ವ್ಯವಹಾರಗಳನ್ನು ಕಾಯುವುದಕ್ಕೆ ಬಳಕೆಯಾಗಿವೆ. ಒಂದು ಸಂಖ್ಯೆ ಅವಿಭಾಜ್ಯವೇ ಎಂದು ಖಚಿತವಾಗಿಯೂ ಮಿತವಾದ ಸಮಯದಲ್ಲೂ ತಿಳಿಸುವ ವಿಧಾನವನ್ನು 2002ರಲ್ಲಿ ಕಾನ್ಪುರದ ಐ.ಐ.ಟಿ.ಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಕಂಡುಹಿಡಿದು ಜಗತ್ತಿನ ಗಮನ ಸೆಳೆದರು. ಅವರಲ್ಲಿ ಕಯಾಲ್ ಮುಂದೆ ಬೆಂಗಳೂರಿನಲ್ಲಿ ಸಂಶೋಧನೆ ನಡೆಸಿದರು.

ಆದರೆ ಈ ಉತ್ತರ ಪೂರ್ತಿ ಪ್ರಾಮಾಣಿಕವಲ್ಲ. ಮಹಾವೀರ ಹಾರ ಕಟ್ಟುವಾಗ ಬ್ಯಾಂಕಿನ ಬೀಗ ಅವನ ಮನಸ್ಸಿನಲ್ಲಿರಲಿಲ್ಲ. ಮಿಲ್ಲಿನ ಲೆಕ್ಕಪತ್ರದ ನಡುವೆ ರಾಮಾನುಜನ್ ಪ್ರಮೇಯಗಳನ್ನು ಬಿಡಿಸುತ್ತಿದ್ದ ತರುಣನಿಗೂ ಅದರಿಂದ ಸಂಬಳ ಹೆಚ್ಚುತ್ತಿರಲಿಲ್ಲ. ಉಪಯೋಗ ಬಂದದ್ದು ಶತಮಾನಗಳ ತರುವಾಯ, ಅದೂ ಕೆಲವು ಸಂಗತಿಗಳಿಗೆ ಮಾತ್ರ. 333667ರಿಂದ ಇಂದಿಗೂ ಯಾವ ಬೀಗವೂ ಆಗಿಲ್ಲ. ಅಷ್ಟು ಸಣ್ಣ ಸಂಖ್ಯೆಯ ಬೀಗವನ್ನು ಕಣ್ಣುಮಿಟುಕಿಸುವಷ್ಟರಲ್ಲಿ ಒಡೆಯಬಹುದು. ಲೆಕ್ಕವೆಂದರೆ ಪರೀಕ್ಷೆಯ ಅಂಕ ಅಥವಾ ಅಂಗಡಿಯ ಚೀಟಿ ಎಂದು ಮಕ್ಕಳಿಗೆ ಕಲಿಸಿ, ಗಣಿತಕ್ಕೆ ಹೆದರುತ್ತಾರೆಂದು ಅವರನ್ನೇ ದೂರುವ ನಾವು, ಕುತೂಹಲಕ್ಕಾಗಿ ಮಾಡುವ ಲೆಕ್ಕಕ್ಕೆ ಪಾಠದಲ್ಲಿ ಜಾಗ ಕೊಟ್ಟಿಲ್ಲ. ಸಾವಿರದ ನೂರಕ್ಕೂ ಹೆಚ್ಚು ವರ್ಷಗಳ ಹಿಂದಿನ ಪಠ್ಯಪುಸ್ತಕವೊಂದು ಆ ಜಾಗವನ್ನು ಕೊಟ್ಟಿತ್ತು. ಮಗ್ಗಿ ಕಲಿತ ಶಿಷ್ಯನಿಗೆ ಬಹುಮಾನವೆಂಬಂತೆ ಹಾರಗಳನ್ನು ಮುಂದಿಟ್ಟಿತ್ತು. ಕವಲಂದೆಯ ಶಾಲೆಯ ಹುಡುಗಿಗೆ ಮೇಲಿನ 17 ಭಾಗಾಕಾರಗಳನ್ನು ಮಾಡಲು ಗಣಕಯಂತ್ರ ಬೇಕಿಲ್ಲ, ಪೆನ್ಸಿಲು ಸಾಕು. ಹದಿನೇಳನೆಯದೂ ಶೇಷ ಉಳಿಸಿದಾಗ, 333667 ಒಡೆಯದು ಎಂಬುದು ಅವಳಿಗೆ ಯಾರೋ ಹೇಳಿದ ಮಾತಾಗಿರುವುದಿಲ್ಲ. ಅವಳೇ ಕಂಡ ಸತ್ಯವಾಗಿರುತ್ತದೆ.